ಅಧ್ಯಕ್ಷರ ಬೆನ್ನು

ಆ ಗೋಡೆಗೆ ಉಚ್ಚೆ ಹೊಯ್ಯದ ಗಂಡಸು ಅಬ್ಬಿಗೆರೆಯಲ್ಲಿ ಇರಲಿಲ್ಲ. ಡೈರಿಗೆ ಹಾಲು ಹಾಕಲು ಹೋಗುವವನು, ಹಾಕಿ ಬರುವವನು, ಸೈಟು ತೋರಿಸುವ ಬ್ರೋಕರು, ಸೈಟು ನೋಡಲು ಬಂದವನು, ಸ್ಕೂಲ್ ವ್ಯಾನಿನ ಡ್ರೈವರು, ಎಲ್ಲರೂ ಅಲ್ಲೇ ನಿಲ್ಲುತ್ತಿದ್ದರು. ಗೋಡೆ ಶ್ರೀ ದೊಡ್ಡಮುನಿಯಪ್ಪ ವಿದ್ಯಾಸಂಸ್ಥೆಯದು. ಒಳಗಿನಿಂದ ನೋಡಿದರೆ ಅದರ ಮೇಲೆ ಶಿಸ್ತು, ಶುಚಿತ್ವ, ಸಂಸ್ಕಾರ ಎಂದು ಬರೆದಿತ್ತು. ಹೊರಗಿನಿಂದ ನೋಡಿದರೆ ಉದ್ದಕ್ಕೂ ಸೊಂಟದೆತ್ತರಕ್ಕೆ ಹಳದಿ ಕಲೆ ಹಿಡಿದಿತ್ತು.

ಮುಂದಿನ ರಸ್ತೆಯ ಕಡೆ ಅಧ್ಯಕ್ಷರು ದೇವರ ಟೈಲ್ಸ್ ಹಾಕಿಸಿದ್ದರು. ಗಣಪತಿ, ತಿಮ್ಮಪ್ಪ, ಏಸು, ಮೆಕ್ಕಾ, ಎಲ್ಲ ಸಾಲಾಗಿ. ಅಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಹಿಂದಿನ ಗೋಡೆಗೆ ಮಾತ್ರ ದೇವರು ಬಂದಿರಲಿಲ್ಲ. ಅದು ಕಾಲೊನಿಗೆ ಹೋಗುವ ದಾರಿ. ಕಾಲೊನಿಯವರ ಮೂಗಿಗೆ ದೇವರು ಯಾಕೆ ದಂಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಒಂಬತ್ತನೇ ಸಿ ಸೆಕ್ಷನ್ನಿನ ರಾಣಿ ದಿನಕ್ಕೆರಡು ಸಲ ಆ ದಾರಿಯಲ್ಲೇ ನಡೆಯುತ್ತಿದ್ದಳು. ಕಾಲೊನಿಯ ಹೆಣ್ಣುಮಕ್ಕಳಿಗೆ ಅಲ್ಲಿ ಹೇಗೆ ನಡೆಯಬೇಕು ಎಂಬುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ವೇಲಿನ ತುದಿ ಮೂಗಿಗೆ, ಕಣ್ಣು ಆಚೆಯ ಮೋರಿಗೆ, ಕಾಲು ಬೇಗ ಬೇಗ. ರಾಣಿ ಮೂಗನ್ನು ಮುಚ್ಚಿಕೊಳ್ಳುತ್ತಿದ್ದಳು, ಕಣ್ಣನ್ನಲ್ಲ. ಬಾಯಿ ತೆರೆದರೆ ಮಾತು ಹೊರಡದ ಹುಡುಗಿ ಅವಳು. ಹಾಜರಿ ಕೂಗಿದಾಗ 'ಎಸ್ ಮಿಸ್' ಎನ್ನಲೂ ಎರಡು ಸಲ ಉಗುಳು ನುಂಗುತ್ತಿದ್ದಳು. ಆದರೆ ಕಣ್ಣಿಗೆ ನಾಚಿಕೆ ಇರಲಿಲ್ಲ. ಅದು ಎಲ್ಲವನ್ನೂ ನೋಡುತ್ತಿತ್ತು.

ಅವಳು ನೋಡಿದ್ದು ಬೆನ್ನುಗಳನ್ನು. ಗೋಡೆಗೆ ಮುಖ ಮಾಡಿ ನಿಂತ ಗಂಡಸಿಗೆ ಮುಖ ಇರುವುದಿಲ್ಲ, ಬೆನ್ನಿರುತ್ತದೆ. ವ್ಯಾನ್ ಡ್ರೈವರು ಒಂದು ಕಾಲಿನ ಮೇಲೆ ಭಾರ ಹಾಕಿ ಫೋನಿನಲ್ಲಿ ಮಾತಾಡುತ್ತ ನಿಲ್ಲುತ್ತಿದ್ದ. ಬ್ರೋಕರು ಪ್ರತಿ ಸಲ ಸುತ್ತಮುತ್ತ ನೋಡಿ, ಯಾರೂ ಇಲ್ಲ ಎಂದು ಗ್ಯಾರಂಟಿ ಮಾಡಿಕೊಂಡು, ಎಲ್ಲರೂ ಇರುವಾಗಲೇ ಶುರುಮಾಡುತ್ತಿದ್ದ. ಎಲ್ಲರಿಗಿಂತ ಗತ್ತಿನ ಬೆನ್ನು ಸಂಜೆ ಐದೂವರೆಗೆ ಬರುತ್ತಿತ್ತು. ಸ್ವತಃ ದೊಡ್ಡಮುನಿಯಪ್ಪನವರದು. ಇಸ್ಕೂಲಿನ ಒಳಗೆ ಅವರಿಗೆಂದೇ ಬಿಳಿ ಟೈಲ್ಸಿನ ಟಾಯ್ಲೆಟ್ಟು ಇತ್ತು, ಬೀಗದ ಕೈ ಅವರ ಜೇಬಿನಲ್ಲೇ ಇತ್ತು. ಆದರೂ ಹಿಂದಿನ ಗೇಟಿನಿಂದ ಹೊರಬಂದು, ಪಂಚೆ ಎತ್ತಿ, ಎಡಗೈಯನ್ನು ಗೋಡೆಗೆ ಊರಿ, ಆಕಾಶ ನೋಡುತ್ತ ನಿಲ್ಲುತ್ತಿದ್ದರು. ಎಡ ಹೆಗಲ ಮೇಲೆ ಟವಲು. ಕತ್ತಿನ ಹಿಂದೆ ನಿಂಬೆಕಾಯಿಯಷ್ಟು ಗಂಟು. ಅದು ಅವರ ಅಪ್ಪನ ರಾಗಿ ಹೊಲವಾಗಿದ್ದ ಜಾಗ. ಅವರು ಅಲ್ಲಿ ಮೊದಲಿಂದ ಹೊಯ್ದವರು. ಗೋಡೆ ಆಮೇಲೆ ಬಂದದ್ದು.

ಎರಡು ಸಾವಿರದ ಹದಿನಾಲ್ಕರ ಜೂನ್ ತಿಂಗಳಲ್ಲಿ ಇಸ್ಕೂಲಿನ ಗೇಟಿಗೆ ಒಂದು ಫ್ಲೆಕ್ಸ್ ಬಿತ್ತು. ಹೈಸ್ಕೂಲ್ ಮಕ್ಕಳಿಗೆ ವಿಷುಯಲ್ ಆರ್ಟ್ಸ್ ಕೋರ್ಸ್ ಆರಂಭ. ಪೆನ್ಸಿಲ್ ಶೇಡಿಂಗ್, ಜಲವರ್ಣ, ನಿಸರ್ಗ ಚಿತ್ರ, ವಿನ್ಯಾಸ. ವರ್ಷದ ಕೊನೆಗೆ ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ. ಫ್ಲೆಕ್ಸಿನಲ್ಲಿ ಅಧ್ಯಕ್ಷರ ಫೋಟೋ ಆಳೆತ್ತರಕ್ಕಿತ್ತು, ಬ್ರಷ್ಷಿನ ಚಿತ್ರ ಬೆರಳುದ್ದ ಇತ್ತು.

ರಾಣಿ ಅದರ ಕೊನೆಯ ಸಾಲನ್ನು ಮಾತ್ರ ಓದಿದಳು. ಪರೀಕ್ಷೆ. ಪರೀಕ್ಷೆ ಎಂದರೆ ಫಾರಂ. ಫಾರಂ ಎಂದರೆ ಹೆಸರು. ಅವಳು ಚಿತ್ರ ಬರೆಯುತ್ತಿದ್ದದ್ದು ಗೋಡೆಗಳ ಮೇಲೆ, ಗೋಡೆ ನುಣುಪಾಗಲೆಂದು ಪಟ್ಟಿ ಬಳಿಯುವ ಮುಂಚೆ, ಇದ್ದಿಲಿನಲ್ಲಿ. ಅವಳ ಅವ್ವ ಮುನಿಕೆಂಪಮ್ಮ ಮುಜಫ್ಫರ್ ಮೇಸ್ತ್ರಿಯ ಗ್ಯಾಂಗಿನಲ್ಲಿ ಪೇಂಟಿಂಗ್ ಕೂಲಿ ಮಾಡುತ್ತಿದ್ದಳು. ಹಳೆಯ ಬಣ್ಣ ಕೆರೆಯುವುದು, ಎಮರಿ ಪೇಪರ್ ಉಜ್ಜುವುದು, ಬಣ್ಣದ ಅಡಿಗೆ ಬಿಳಿ ಪ್ರೈಮರ್ ಹೊಡೆಯುವುದು ಹೆಂಗಸರ ಕೆಲಸ. ಕಣ್ಣಿಗೆ ಕಾಣುವ ಬಣ್ಣ ಹೊಡೆಯುವುದು ಗಂಡಸರ ಕೆಲಸ. ಭಾನುವಾರ ರಾಣಿಯೂ ಜೊತೆಗೆ ಹೋಗುತ್ತಿದ್ದಳು. ಪಕ್ಕದೂರು ಸಿಂಗಾಪುರದ ಮನೆಗಳಲ್ಲಿ ಅವಳು ಬರೆದ ಕೋಳಿ, ಆಟೋ, ಬೀಡಿ ಸೇದುವ ಮುದುಕರು ಎಷ್ಟೋ ಇದ್ದವು. ಎಲ್ಲದರ ಮೇಲೂ ಅವಳ ಅವ್ವನೇ ಪಟ್ಟಿ ಬಳಿದಿದ್ದಳು. ಈಗ ಅವಳಿಗೆ ಕಾಗದ ಬೇಕಿತ್ತು. ಬರೆದದ್ದು ಅಳಿಯಬಾರದಿತ್ತು. ಕೆಳಗೆ ಅವಳ ಹೆಸರಿರಬೇಕಿತ್ತು. ಅಷ್ಟೇ.

ಆಯ್ಕೆಯ ದಿನ ಡ್ರಾಯಿಂಗ್ ಮಾಸ್ಟರ್ ಯೋಗಾನಂದ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಕಾವಿ ಜುಬ್ಬ, ಕುರುಚಲು ಗಡ್ಡ, ಮಾತಿಗೊಮ್ಮೆ 'ಕಲೆ ಅನ್ನೋದು' ಎನ್ನುವ ಮನುಷ್ಯ. ಚಿತ್ರ ಬರೆಸಿ ನೋಡಬಹುದಿತ್ತು. ಅವರು ಅಂಗೈ ತೋರಿಸಿ ಎಂದರು. ಕಲಾವಿದನ ಕೈ ನೋಡಿದ ಕೂಡಲೇ ತಿಳಿಯುತ್ತದಂತೆ.

ರಾಣಿ ಕೈ ಚಾಚಿದಳು. ಬೆರಳಿನ ಸಂದುಗಳನ್ನು ಸುಣ್ಣ ತಿಂದಿತ್ತು. ತುದಿಗಳನ್ನು ಎಮರಿ ಪೇಪರ್ ಸವೆಸಿತ್ತು. ಅವಳ ಅವ್ವನ ಕೈ ಇನ್ನೂ ಮುಂದೆ ಹೋಗಿತ್ತು. ಆಧಾರ್ ಕಾರ್ಡು ಮಾಡಿಸುವ ಕ್ಯಾಂಪಿನಲ್ಲಿ ಮುನಿಕೆಂಪಮ್ಮ ಹತ್ತು ಬೆರಳನ್ನೂ ಒತ್ತಿದರೂ ಮಿಷನ್ನು ಕೆಂಪು ದೀಪ ಹಾಕುತ್ತಲೇ ಇತ್ತು. ಈಯಮ್ಮಂಗೆ ಬೆರಳಲ್ಲಿ ಗೆರೇನೇ ಇಲ್ಲ ಎಂದು ಅಲ್ಲಿದ್ದ ಹುಡುಗ ಎಲ್ಲರಿಗೂ ಕೇಳುವಂತೆ ಹೇಳಿದ್ದ.

ಯೋಗಾನಂದ ಮಾಸ್ಟರು ರಾಣಿಯ ಬೆರಳ ತುದಿಯನ್ನು ಪೆನ್ನಿನಿಂದ ಮುಟ್ಟಿ ನೋಡಿದರು. ಕೈಯಿಂದ ಮುಟ್ಟಲಿಲ್ಲ.

"ಈ ಕೈ ಇಟ್ರೆ ಪೇಪರ್ ಹರಿದೋಗುತ್ತೆ ಕಣಮ್ಮ. ಇದು ಗೋಡೆ ಕೈ."

ಸಾಲು ನಕ್ಕಿತು. ಆಮೇಲೆ ಅವರು ಸಮಾಧಾನವಾಗಿ ತಿಳಿಸಿ ಹೇಳಿದರು. ಕೋರ್ಸು ಎ ಸೆಕ್ಷನ್ನಿಗೆ. ಅದೇ ಪೀರಿಯಡ್ಡಿನಲ್ಲಿ ಸಿ ಸೆಕ್ಷನ್ನಿಗೆ ಕಾರ್ಯಾನುಭವ ಇದೆ, ಅದೂ ಶಿಕ್ಷಣವೇ. ಎ ಸೆಕ್ಷನ್ನಿನಲ್ಲಿ ಕಾಲೊನಿಯ ಮಕ್ಕಳು ಒಬ್ಬರೂ ಇರಲಿಲ್ಲ. ಹಾಗೆಂದು ಯಾರೂ ನಿಯಮ ಮಾಡಿರಲಿಲ್ಲ. ಅದು ತಾನಾಗಿಯೇ ಹಾಗಾಗಿತ್ತು, ಪ್ರತಿ ವರ್ಷ.

ಕಾರ್ಯಾನುಭವ ಎಂದರೆ ಮೈದಾನ ಗುಡಿಸುವುದು, ಟ್ಯಾಂಕಿನ ಪಾಚಿ ತೆಗೆಯುವುದು, ವಿಷುಯಲ್ ಆರ್ಟ್ಸಿನವರ ಬ್ರಷ್ಷು ತೊಳೆಯುವುದು. ಬ್ರಷ್ಷಿನ ಕೆಲಸವನ್ನು ರಾಣಿ ಕೇಳಿ ಹಾಕಿಸಿಕೊಂಡಳು. ನಲ್ಲಿ ಇದ್ದದ್ದು ಚಿತ್ರಕಲಾ ಕೊಠಡಿಯ ಕಿಟಕಿಯ ಕೆಳಗೆ. ಒಂದು ಬ್ರಷ್ಷನ್ನು ಅವಳು ಕಾಲು ಗಂಟೆ ತೊಳೆಯುತ್ತಿದ್ದಳು. ಇಸ್ಕೂಲಿನಲ್ಲಿ ಅಷ್ಟು ಚೊಕ್ಕವಾದ ವಸ್ತು ಬೇರೆ ಇರಲಿಲ್ಲ.

ಕಿಟಕಿಯ ಸರಳಿನ ಆಚೆ ಬೋರ್ಡಿನ ಮೇಲೆ ಮಾಸ್ಟರು ಒಂದು ದಿನ ಬರೆದರು: ಗೊತ್ತಿರುವುದನ್ನು ಬರೆಯಬೇಡ, ಕಂಡದ್ದನ್ನು ಬರೆ. ಮೇಜಿನ ಮೇಲೆ ಮಣ್ಣಿನ ಕುಡಿಕೆ ಇಟ್ಟು ವಿವರಿಸಿದರು. ಕುಡಿಕೆಯ ಬಾಯಿ ದುಂಡಗಿದೆ ಎಂದು ನಿಮಗೆ ಗೊತ್ತು. ಆದರೆ ನೀವು ಕೂತಲ್ಲಿಂದ ಅದು ದುಂಡಗೆ ಕಾಣುತ್ತದೆಯೇ? ಚಪ್ಪಟೆ ಮೊಟ್ಟೆಯ ಹಾಗೆ ಕಾಣುತ್ತದೆ. ಹಾಗಾದರೆ ಹಾಗೇ ಬರೆಯಿರಿ. ರಾಣಿ ಒದ್ದೆ ಕೈಯಲ್ಲೇ ಆ ಸಾಲನ್ನು ನೋಟ್‌ಬುಕ್ಕಿನ ಹಿಂಬದಿಗೆ ಇಳಿಸಿಕೊಂಡಳು. ಮಾಸ್ಟರು ಒಳ್ಳೆಯ ಪಾಠವನ್ನೇ ಮಾಡುತ್ತಿದ್ದರು. ಅದನ್ನು ತಾವು ನಂಬುತ್ತಿರಲಿಲ್ಲ, ಅಷ್ಟೇ.

ಒಳಗಿದ್ದ ನಯನಾಗೆ ಕುಡಿಕೆ ಏನು ಮಾಡಿದರೂ ಹಾಲಿನ ಕ್ಯಾನಾಗಿ ಬರುತ್ತಿತ್ತು. ನಯನಾ ಅಧ್ಯಕ್ಷರ ಮೊಮ್ಮಗಳು. ಕೆಟ್ಟವಳಲ್ಲ. ತನ್ನದು ಯಾವುದು, ಬೇರೆಯವರದು ಯಾವುದು ಎಂದು ಯೋಚಿಸುವ ಸಂದರ್ಭವೇ ಅವಳಿಗೆ ಬಂದಿರಲಿಲ್ಲ. ಕಿಟಕಿಯಿಂದ ಹಾಳೆಯನ್ನು ಆಚೆ ತೂರಿಸಿ, ಪ್ಲೀಸ್ ಕಣೇ, ಸ್ವಲ್ಪ ಶೇಡ್ ಮಾಡ್ಕೊಡು ಎಂದಳು. ರಾಣಿ ನಲ್ಲಿಯ ಕಟ್ಟೆಯ ಮೇಲೆ ಕೂತು ಕುಡಿಕೆ ಬರೆದಳು. ಪೇಪರ್ ಹರಿಯಲಿಲ್ಲ. ಆಗಸ್ಟ್ ಹದಿನೈದರ ಪ್ರದರ್ಶನದಲ್ಲಿ ಆ ಕುಡಿಕೆಗೆ ಗಾಜು ಹಾಕಿ ತೂಗುಹಾಕಿದರು. ಕೆಳಗೆ ನಯನಾ, ಒಂಬತ್ತನೇ ಎ, ಪ್ರಥಮ ಬಹುಮಾನ.

ಮೂರು ದಿನ ಉಗುಳು ನುಂಗಿ, ನಾಲ್ಕನೆಯ ದಿನ ರಾಣಿ ಸ್ಟಾಫ್ ರೂಮಿನ ಬಾಗಿಲಿಗೆ ಹೋದಳು. ಅದನ್ನು ಬರೆದದ್ದು ನಾನು, ನನ್ನ ಹೆಸರು ಹಾಕಿ ಎಂದಳು. ಯೋಗಾನಂದ ಮಾಸ್ಟರು ಆಶ್ಚರ್ಯಪಡಲಿಲ್ಲ. ಅವರಿಗೆ ಗೊತ್ತಿತ್ತು. ಕೋರ್ಸಿನಲ್ಲಿ ಇಲ್ಲದವರು ಹೆಸರು ಹಾಕುವ ಹಾಗಿಲ್ಲ, ಬೋರ್ಡಿನ ಮೇಲೆ ಸಿ ಸೆಕ್ಷನ್ ಎಂದು ಬಂದರೆ ನೋಡಲು ಚೆನ್ನಾಗಿರುವುದಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿದರು. ಕೋರ್ಸಿಗೆ ಮಾನ್ಯತೆ ಕೊಡಲು ಇಲಾಖೆಯವರು ಇನ್ಸ್‌ಪೆಕ್ಷನ್ನಿಗೆ ಬರುತ್ತಾರೆ. ಹಿಂದಿನ ಗೋಡೆಯ ಮೇಲೆ ದೊಡ್ಡ ಚಿತ್ರ ಮಾಡಿಸಬೇಕೆಂದು ಅಧ್ಯಕ್ಷರ ಆಸೆ. ಕಲೆಯೂ ಆಗುತ್ತದೆ, ಉಚ್ಚೆಯೂ ನಿಲ್ಲುತ್ತದೆ.

"ನಿಂಗೆ ಗೋಡೆ ಕೆಲಸ ಗೊತ್ತಲ್ಲ. ಬೇಸ್ ರೆಡಿ ಮಾಡ್ಕೊಡು. ಗ್ರೇಡ್ ಪರೀಕ್ಷೆ ಫಾರಂಗೆ ನಾನೇ ಸೈನ್ ಹಾಕ್ತೀನಿ."

ಮುನಿಕೆಂಪಮ್ಮನಿಗೆ ಈ ವಿಷಯ ತಿಳಿದಾಗ ಅವಳು ಬೈಯಲಿಲ್ಲ, ಹೊಗಳಲಿಲ್ಲ. ಗೋಡೆ ಕೆಲಸ ಹೇಳಿಕೊಟ್ಟಳು. ಉಪ್ಪು ಹಿಡಿದ ಗೋಡೆ ಅದು, ನೀರು ಹೊಯ್ದು ತಂತಿ ಬ್ರಷ್ಷಿನಿಂದ ಉಜ್ಜು, ಎರಡು ದಿನ ಒಣಗಲು ಬಿಡು, ಒಣಗದೆ ಪ್ರೈಮರ್ ಮುಟ್ಟಿಸಬೇಡ ಎಂದಳು. ತನ್ನ ಪಟ್ಟಿ ಬ್ಲೇಡನ್ನು ಸೆರಗಿನಲ್ಲಿ ಒರೆಸಿ ಮಗಳ ಕೈಗೆ ಕೊಟ್ಟಳು.

ಸಿ ಸೆಕ್ಷನ್ನಿನ ಹನ್ನೆರಡು ಮಕ್ಕಳು ಆ ಗೋಡೆಗೆ ಬಿದ್ದರು. ನೀರು ಬಿದ್ದ ಕೂಡಲೇ ಇಪ್ಪತ್ತು ವರ್ಷದ ಉಚ್ಚೆ ಎದ್ದು ಕೂತಿತು. ವಾಸನೆ ಮೂಗಿಗಲ್ಲ, ಕಣ್ಣಿಗೆ ಹೊಡೆಯಿತು. ಒಬ್ಬ ಹುಡುಗ ವಾಂತಿ ಮಾಡಿಕೊಂಡ. ಉಳಿದವರು ಅದನ್ನೂ ತೊಳೆದರು. ಬಿರುಕು ಬಿಟ್ಟ ಬೆರಳುಗಳಿಗೆ ಉಪ್ಪು ಇಳಿದು ಉರಿ ಹತ್ತಿತು. ಮಧ್ಯಾಹ್ನ ಎಷ್ಟು ಸೋಪು ಹಾಕಿದರೂ ಕೈ ನಾರುತ್ತಿತ್ತು. ಅದೇ ಕೈಯಲ್ಲಿ ಚಿತ್ರಾನ್ನ ತಿಂದರು. ನೀರಿನ ನಲ್ಲಿಯ ಬಳಿ ಎ ಸೆಕ್ಷನ್ನಿನವರು ಅವರನ್ನು ನೋಡಿ ದಾರಿ ಬಿಟ್ಟರು. ಜೀವನದಲ್ಲಿ ಮೊದಲ ಸಲ ಅವರಿಗೆ ಇಷ್ಟು ಸಲೀಸಾಗಿ ನೀರು ಸಿಕ್ಕಿತು.

ಅವರು ಉಜ್ಜುತ್ತಿರುವಾಗಲೇ ವ್ಯಾನ್ ಡ್ರೈವರು ಬಂದ. ಮಕ್ಕಳನ್ನು ನೋಡಿದ, ಗೋಡೆಯನ್ನು ನೋಡಿದ.

"ಸ್ವಲ್ಪ ಆ ಕಡೆ ಸರ್ಕೊಳಮ್ಮ," ಎಂದು ಜಿಪ್ಪಿಗೆ ಕೈ ಹಾಕಿದ.

ಅವರು ಸರಿದರು. ಅವನು ಹೋದ ಮೇಲೆ ಮತ್ತೆ ನೀರು ಹೊಯ್ದರು.

ನಾಲ್ಕನೆಯ ದಿನ ಸಂಜೆ ಪ್ರೈಮರ್ ಮುಗಿಯಿತು. ಗೋಡೆ ಹಾಲಿನ ಹಾಗೆ ಬೆಳ್ಳಗೆ ನಿಂತಿತ್ತು. ರಾಣಿಗೆ ಅದು ಗೋಡೆಯಂತೆ ಕಾಣಲಿಲ್ಲ, ಹಾಳೆಯಂತೆ ಕಂಡಿತು. ಐದೂವರೆಗೆ ಹಿಂದಿನ ಗೇಟು ತೆರೆಯಿತು. ದೊಡ್ಡಮುನಿಯಪ್ಪ ಹೊರಬಂದರು. ಮಕ್ಕಳು ಬಕೆಟ್ಟು ಹಿಡಿದುಕೊಂಡು ನಿಂತಿದ್ದರು. ಅಧ್ಯಕ್ಷರು ಗೋಡೆಯನ್ನು ಆ ತುದಿಯಿಂದ ಈ ತುದಿಗೆ ನೋಡಿ, ಪರವಾಗಿಲ್ಲ ಎಂಬಂತೆ ತಲೆದೂಗಿದರು. ಆಮೇಲೆ ಪಂಚೆ ಎತ್ತಿ, ಎಡಗೈಯನ್ನು ಹಸಿ ಪ್ರೈಮರಿನ ಮೇಲೆ ಊರಿ, ಆಕಾಶ ನೋಡಿದರು. ಅದು ಸಿಟ್ಟಿನಿಂದ ಮಾಡಿದ್ದಲ್ಲ. ಅವಮಾನ ಮಾಡಬೇಕೆಂದೂ ಮಾಡಿದ್ದಲ್ಲ. ಅಲ್ಲಿ ಮಕ್ಕಳಿದ್ದಾರೆ ಎಂಬುದು ಅವರ ಲೆಕ್ಕಕ್ಕೇ ಬಂದಿರಲಿಲ್ಲ. ಮುಗಿಸಿ, ಅಂಗೈಗೆ ಮೆತ್ತಿದ ಬಿಳುಪನ್ನು ಟವಲಿಗೆ ಒರೆಸಿಕೊಂಡು ಒಳಗೆ ಹೋದರು.

ರಾಣಿ ಆ ಜಾಗವನ್ನು ಮತ್ತೆ ಬ್ಲೇಡಿನಿಂದ ಕೆರೆದಳು. ಒಬ್ಬಳೇ ಕೆರೆದಳು. ಗೋಡೆಯ ಮೇಲೆ ಅಧ್ಯಕ್ಷರ ಅಂಗೈ ಗುರುತು ಇತ್ತು. ಐದು ಬೆರಳಿನ ಗೆರೆಗಳೂ ಸ್ಪಷ್ಟವಾಗಿದ್ದವು.

ಬುಧವಾರ ವಿಷುಯಲ್ ಆರ್ಟ್ಸಿನವರು ಕರ್ಚೀಫು ಕಟ್ಟಿಕೊಂಡು ಬಂದು ಭೂಗೋಳ, ಮರ, ಹಾರುವ ಪಾರಿವಾಳ ಬರೆದರು. ಪೋಸ್ಟರ್ ಕಲರಿನಲ್ಲಿ. ಸಾರ್, ಅದು ಹೊರಗೋಡೆಗೆ ನಿಲ್ಲಲ್ಲ ಎಂದು ರಾಣಿ ಮೆಲ್ಲಗೆ ಹೇಳಿದಳು. ನನಗೆ ಪಾಠ ಹೇಳಬೇಡ ಎಂದರು ಮಾಸ್ಟರು. ಶುಕ್ರವಾರ ಸಂಜೆ ಮಳೆ ಬಂತು. ಭೂಗೋಳ ಕರಗಿ ಮೋರಿಗೆ ಇಳಿಯಿತು. ಮೋರಿ ಅರ್ಧ ಗಂಟೆ ನೀಲಿಯಾಗಿ ಹರಿಯಿತು. ಶನಿವಾರ ಬೆಳಿಗ್ಗೆ ಗೋಡೆಯ ಮೇಲೆ ಉಳಿದಿದ್ದದ್ದು ರಾಣಿಯ ಪ್ರೈಮರ್ ಮಾತ್ರ.

ಇನ್ಸ್‌ಪೆಕ್ಷನ್ ಸೋಮವಾರ. ಭಾನುವಾರ ಬೆಳಿಗ್ಗೆ ಯೋಗಾನಂದ ಮಾಸ್ಟರು ಕಾಲೊನಿಗೇ ಬಂದರು. ಮೊದಲ ಸಲ ಬಂದದ್ದು. ಒಳಗೆ ಕರೆದರೆ ಬರಲಿಲ್ಲ, ಸ್ಕೂಟರಿನ ಮೇಲಿಂದ ಇಳಿಯಲೂ ಇಲ್ಲ. ಮುಜಫ್ಫರ್ ಮೇಸ್ತ್ರಿ ಹತ್ತಿರ ಆಯಿಲ್ ಪೇಂಟಿನ ಉಳಿಕೆ ಡಬ್ಬಗಳಿವೆಯಂತಲ್ಲ, ಇವತ್ತೇ ಗೋಡೆ ಮುಗಿಸಿಬಿಡು ಎಂದರು. ಮರ ಬೇಡ, ಭೂಗೋಳ ಬೇಡ. ಅಧ್ಯಕ್ಷರ ಚಿತ್ರ ನಡುವೆ ದೊಡ್ಡದಾಗಿ ಬರಲಿ, ಸುತ್ತ ಊರಿನ ನಾಲ್ಕು ಜನ ಇರಲಿ. ಮಾಸ್ಟರು ಕೆಂಪಾಪುರದಲ್ಲಿ ಒಂದು ಮದುವೆಗೆ ಹೋಗಬೇಕಿತ್ತು.

ರಾಣಿ ಫೋಟೋ ಕೇಳಿದಳು.

"ಫೋಟೋ ಯಾಕೆ? ದಿನಾ ನೋಡಲ್ವಾ ಅವರನ್ನ? ಕಂಡಂಗೆ ಬರಿ."

"ಫಾರಂ ಸಾರ್?"

ಮಾಸ್ಟರು ಸ್ಕೂಟರ್ ಸ್ಟಾರ್ಟ್ ಮಾಡಿದರು. "ಲಿಸ್ಟು ಹೋಗ್ಬಿಡ್ತು ಕಣಮ್ಮ. ಗುರುವಾರಾನೇ ಕಳಿಸ್ದೆ. ಕೋರ್ಸಿನೋರದು ಮಾತ್ರ ಹೋಯ್ತು. ಮುಂದಿನ ವರ್ಷ ನೋಡೋಣ, ಆಯ್ತಾ?"

ಸ್ಕೂಟರ್ ಹೋಯಿತು. ರಾಣಿ ಬಾಗಿಲಲ್ಲೇ ನಿಂತಿದ್ದಳು. ಅಳು ಬರಲಿಲ್ಲ. ಕೈ ಮೂಸಿ ನೋಡಿಕೊಂಡಳು. ಗುರುವಾರ ಅವಳ ಕೈ ಇನ್ನೂ ನಾರುತ್ತಿತ್ತು. ಅದೇ ದಿನ ಇವರು ಲಿಸ್ಟು ಕಳಿಸಿದ್ದರು.

ಆಮೇಲೆ ಡಬ್ಬಗಳನ್ನು ಎತ್ತಿಕೊಂಡು ಗೋಡೆಗೆ ಹೋದಳು. ಬಿಳಿ ಇತ್ತು, ಕಪ್ಪು ಇತ್ತು, ಯಾರದೋ ಗೇಟಿನ ಕಂದು ಇತ್ತು, ಯಾರದೋ ಕಿಟಕಿಯ ಹಸಿರು ಇತ್ತು. ಮನುಷ್ಯರಿಗೆ ಅಷ್ಟು ಸಾಕು. ಬೋರ್ಡಿನ ಮೇಲಿನ ಮಾತು ಅವಳ ತಲೆಯಲ್ಲಿತ್ತು. ಅಧ್ಯಕ್ಷರಿಗೆ ಮುಖ ಇದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಅವಳು ಕಂಡದ್ದು ಅದನ್ನಲ್ಲ.

ಮೊದಲು ಎಡಗೈ ಬಂತು, ಗೋಡೆಗೆ ಊರಿದ್ದು. ಆಮೇಲೆ ಅಗಲವಾದ ಬಿಳಿ ಅಂಗಿ. ಹೆಗಲ ಟವಲು. ಎತ್ತಿ ಹಿಡಿದ ಪಂಚೆಯ ನೆರಿಗೆ, ಕೆಳಗೆ ಎರಡು ಮೀನಖಂಡ. ಆಕಾಶಕ್ಕೆ ಎತ್ತಿದ ತಲೆಯ ಹಿಂಭಾಗ. ಎಡಗಡೆ ಫೋನ್ ಕಿವಿಗಿಟ್ಟ ಡ್ರೈವರು, ಬಲಗಡೆ ಕತ್ತು ತಿರುಗಿಸಿ ಯಾರೂ ಇಲ್ಲವೆಂದು ನೋಡುವ ಬ್ರೋಕರು. ಹೀಗೆ ಏಳು ಜನ. ಎಲ್ಲರೂ ಆಳೆತ್ತರ, ಎಲ್ಲರೂ ಬೆನ್ನು. ಕಾಣಬಾರದ್ದು ಒಂದೂ ಇರಲಿಲ್ಲ. ಏನು ನಡೆಯುತ್ತಿದೆ ಎಂಬುದರಲ್ಲಿ ಅನುಮಾನವೂ ಇರಲಿಲ್ಲ.

ಭಾನುವಾರ ಇಸ್ಕೂಲಿಗೆ ಬೀಗ. ಆದರೆ ಕಾಲೊನಿಗೆ ಕಣ್ಣಿತ್ತು. ಮಧ್ಯಾಹ್ನದ ಹೊತ್ತಿಗೆ ಹೆಂಗಸರು ಒಬ್ಬೊಬ್ಬರೇ ಬಂದು ನಿಂತರು. ಮೂಲೆ ಮನೆಯ ಗೋಪಾಲಮ್ಮಜ್ಜಿ ಟೀ ತಂದುಕೊಟ್ಟು, ಎದುರಿನ ಕಲ್ಲಿನ ಮೇಲೆ ಕೂತು, ಎಲೆ ಅಡಿಕೆ ಜಗಿಯುತ್ತ ಬಹಳ ಹೊತ್ತು ನೋಡಿದಳು.

"ಗಂಟು ಇನ್ನೂ ಒಸಿ ಕೆಳಕ್ಕೆ ಬರ್ಬೇಕು ಕಣವ್ವ," ಎಂದಳು.

ರಾಣಿ ಅರ್ಧ ಇಂಚು ಕೆಳಗೆ ಬರೆದಳು. ಮುದುಕಿ ಸೆರಗು ಬಾಯಿಗೆ ತುರುಕಿಕೊಂಡು ಕುಲುಕುಲು ನಕ್ಕಳು. ಆ ನಗು ಪಕ್ಕದವಳಿಗೆ ಹತ್ತಿತು, ಅಲ್ಲಿಂದ ಇಡೀ ದಾರಿಗೆ ಹತ್ತಿತು. ಆ ದಾರಿಯಲ್ಲಿ ಹೆಂಗಸರು ಮೂಗು ಬಿಟ್ಟು ನಿಂತದ್ದು ಅವತ್ತೇ ಮೊದಲು.

ಚಿತ್ರ ಮುಗಿದಾಗ ರಾಣಿ ಕೆಳಗೆ ಹೆಸರು ಹಾಕಲಿಲ್ಲ. ಕೋರ್ಸಿನಲ್ಲಿ ಇಲ್ಲದವರು ಹೆಸರು ಹಾಕುವ ಹಾಗಿಲ್ಲ ಎಂದು ಮಾಸ್ಟರೇ ಹೇಳಿದ್ದರಲ್ಲ.

ಸೋಮವಾರ ಅಧ್ಯಕ್ಷರು ಕಾರಿನಲ್ಲಿ ಮುಂದಿನ ಗೇಟಿನಿಂದಲೇ ಬಂದರು. ಮದುವೆಯೂಟ ಹೆಚ್ಚಾಗಿ ಮಾಸ್ಟರು ತಡವಾಗಿ ಬಂದರು. ಹಿಂದಿನ ಗೋಡೆಯನ್ನು ಇಬ್ಬರೂ ನೋಡಿರಲಿಲ್ಲ. ಇಲಾಖೆಯಿಂದ ಒಬ್ಬ ಮೇಡಮ್ಮು, ಫೈಲು ಹಿಡಿದ ಒಬ್ಬ ಗುಮಾಸ್ತ ಬಂದರು. ಹಾರ, ಎಳನೀರು, ಗೋಡಂಬಿ ಆಯಿತು. ನಮ್ಮ ವಿಷುಯಲ್ ಆರ್ಟ್ಸ್ ಮಕ್ಕಳ ಭಿತ್ತಿಚಿತ್ರ ನೋಡಬೇಕು ತಾವು ಎನ್ನುತ್ತ ಮಾಸ್ಟರು ಮುಂದೆ ನಡೆದರು. ಎ ಸೆಕ್ಷನ್ನಿನವರು ಇಸ್ತ್ರಿ ಬಟ್ಟೆಯಲ್ಲಿ ಹಿಂದೆ ನಡೆದರು. ಸಿ ಸೆಕ್ಷನ್ನು ಗೇಟಿನ ಬಳಿ ಪೊರಕೆ ಹಿಡಿದು ನಿಂತಿತ್ತು.

ಮೇಡಮ್ಮು ಗೋಡೆಯ ಮುಂದೆ ನಿಂತರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಥೀಮ್ ಏನು?"

ಸಾಮಾಜಿಕ ಜಾಗೃತಿ ಎಂದರು ಯೋಗಾನಂದ ಮಾಸ್ಟರು. ಅವರ ದನಿ ಯಾರದೋ ಜೇಬಿನಿಂದ ಬಂದಂತಿತ್ತು.

"ಮಧ್ಯದ ಬೆನ್ನು ತುಂಬಾ ಚೆನ್ನಾಗಿ ಬಂದಿದೆ. ಯಾರನ್ನೋ ನೋಡಿ ಬರೆದ ಹಾಗಿದೆ. ಯಾರ ಬೆನ್ನು?"

ದೊಡ್ಡಮುನಿಯಪ್ಪ ಗೋಡೆಯ ಹತ್ತಿರಕ್ಕೆ ಹೋಗಿ ಬಗ್ಗಿ ನೋಡಿದರು. ಹಾಗೆ ನೋಡುವಾಗ ಅವರ ಬೆನ್ನು ಎಲ್ಲರ ಕಡೆಗೆ ಬಂತು. ಬಿಳಿ ಅಂಗಿ, ಎಡ ಹೆಗಲ ಟವಲು, ಕತ್ತಿನ ಗಂಟು. ಗುಮಾಸ್ತ ಗೋಡೆಯನ್ನು ನೋಡಿದ, ಅವರನ್ನು ನೋಡಿದ, ಆಮೇಲೆ ಫೈಲಿನಲ್ಲಿ ಮುಖ ಹುದುಗಿಸಿದ. ಅಳಿಸಿ ಎನ್ನಬೇಕಾದರೆ ಅಧ್ಯಕ್ಷರು ಇದು ನನ್ನ ಬೆನ್ನು ಎನ್ನಬೇಕಿತ್ತು. ಹಾಗೆಂದರೆ ಇಲ್ಲಿ ದಿನಾ ನಿಲ್ಲುವವನು ನಾನೇ ಎನ್ನಬೇಕಿತ್ತು. ಗಂಟು ಮಾತ್ರ ಕೆಂಪಗಾಯಿತು.

ಮೇಡಮ್ಮು ನಯನಾ ಕಡೆ ತಿರುಗಿದರು. ಇದನ್ನು ನೀನು ಬರೆದೆಯಾ ಎಂದರು.

"ಅಯ್ಯೋ, ನಾನಲ್ಲ ಮೇಡಂ. ರಾಣಿ ಬರ್ದಿದ್ದು. ನೈಂತ್ ಸಿ ರಾಣಿ," ಎಂದಳು ನಯನಾ.

ಹೀಗೆ ಆ ಹೆಸರು ಮೊದಲ ಸಲ ಒಂದು ಚಿತ್ರಕ್ಕೆ ಹತ್ತಿತು. ಬೇರೆ ಯಾರೂ ಹತ್ತಿಸಿಕೊಳ್ಳಲು ತಯಾರಿರಲಿಲ್ಲ. ಆ ಹುಡುಗಿ ಕೋರ್ಸಿನಲ್ಲಿ ಇದ್ದಾಳೆಯೇ ಎಂದು ಮೇಡಮ್ಮು ಕೇಳಿದರು. ಇಲ್ಲ ಎಂದರು ಮಾಸ್ಟರು. ಯಾಕಿಲ್ಲ ಎಂದಾಗ ಅವರು ಜುಬ್ಬದ ತೋಳು ಸರಿಮಾಡಿಕೊಂಡರು. ಮೇಡಮ್ಮು ಏನೋ ಬರೆದುಕೊಂಡು ಹೋದರು. ಏನು ಬರೆದುಕೊಂಡರೋ ಯಾರಿಗೂ ತಿಳಿಯಲಿಲ್ಲ.

ಕಾರು ಹೋದ ಮರುಗಳಿಗೆ ರಾಣಿಗೆ ಅಧ್ಯಕ್ಷರ ಕೊಠಡಿಯಿಂದ ಕರೆ ಬಂತು. ದೊಡ್ಡಮುನಿಯಪ್ಪ ಕುರ್ಚಿಯಲ್ಲಿ ಗೋಡೆ ಕಡೆ ತಿರುಗಿ ಕೂತಿದ್ದರು. ಬೆನ್ನು ತೋರುತ್ತಿದೆ ಎಂದು ನೆನಪಾಗಿ ಈ ಕಡೆ ತಿರುಗಿದರು. ಮಾಸ್ಟರು ಮೇಜಿನ ಮೇಲೆ ಒಂದು ಫಾರಂ ಇಟ್ಟಿದ್ದರು. ಲೋಯರ್ ಗ್ರೇಡಿನದೇ. ಖಾಲಿ. ಸಂಜೆಯೊಳಗೆ ಗೋಡೆ ಕೆರೆದುಹಾಕಿದರೆ ಇವತ್ತೇ ಸೈನು, ಕೋರ್ಸಿನಲ್ಲೂ ಸೀಟು ಎಂದರು.

"ಲಿಸ್ಟು ಹೋಯ್ತು ಅಂದ್ರಲ್ಲ ಸಾರ್," ಎಂದಳು ರಾಣಿ.

ಅದನ್ನು ಹೇಗೋ ನೋಡಿಕೊಳ್ಳುತ್ತೇನೆ ಎಂದರು ಅವರು.

ರಾಣಿ ಫಾರಂ ನೋಡಿದಳು. ಮೇಲಿನ ಗೆರೆಯಲ್ಲಿ ಹೆಸರು ಎಂದಿತ್ತು, ಮುಂದೆ ಜಾಗ ಬಿಟ್ಟಿತ್ತು. ಜೂನಿನಿಂದ ಅವಳು ನಿದ್ದೆಯಲ್ಲೂ ಆ ಜಾಗವನ್ನು ತುಂಬುತ್ತಿದ್ದಳು. ಒಂದು ಸಲ ಉಗುಳು ನುಂಗಿದಳು. ಎರಡನೆಯ ಸಲ ನುಂಗಲಿಲ್ಲ.

"ನಾನು ಕೆರೆಯಲ್ಲ."

ಅವಳು ಫಾರಂ ಅನ್ನು ಮೇಜಿನ ಆಚೆಗೆ ಸರಿಸಿದಳು.

"ಕಂಡದ್ದನ್ನ ಕಂಡಂಗೆ ಬರಿ ಅಂದ್ರಿ, ಬರ್ದಿದೀನಿ. ತಪ್ಪಿದ್ರೆ ಎಲ್ಲಿ ಅಂತ ಹೇಳಿ ಸಾರ್. ತಿದ್ತೀನಿ."

ಮಾಸ್ಟರು ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ಟವಲನ್ನು ಎಡ ಹೆಗಲಿಂದ ಬಲ ಹೆಗಲಿಗೆ ಹಾಕಿಕೊಂಡರು. ಯಾರೂ ತಪ್ಪು ತೋರಿಸಲಿಲ್ಲ.

ಮಂಗಳವಾರ ವಾಚ್‌ಮನ್ ಕೈಲಿ ಗೋಡೆಗೆ ಸುಣ್ಣ ಹೊಡೆಸಿದರು. ಏಳು ಬೆನ್ನುಗಳೂ ಮುಚ್ಚಿಹೋದವು. ಬುಧವಾರದ ಬಿಸಿಲಿಗೆ ಸುಣ್ಣ ಹಪ್ಪಳದಂತೆ ಎದ್ದು ಉದುರಿತು. ಮೊದಲು ಬಿಚ್ಚಿಕೊಂಡದ್ದು ಗಂಟು. ಎರಡನೇ ಕೋಟು ಹೊಡೆಸಿದರು. ಅದು ಮೊದಲನೆಯದನ್ನೂ ಎಳೆದುಕೊಂಡು ಬಿತ್ತು. ಆಯಿಲ್ ಪೇಂಟಿನ ಮೇಲೆ ಸುಣ್ಣ ನಿಲ್ಲುವುದಿಲ್ಲ ಎಂಬುದು ಕಾಲೊನಿಯ ಆರು ವರ್ಷದ ಮಗುವಿಗೂ ಗೊತ್ತಿತ್ತು. ಅಧ್ಯಕ್ಷರು ನಲವತ್ತು ಮನೆ ಕಟ್ಟಿಸಿದವರು. ಒಂದಕ್ಕೂ ತಾವು ಬಣ್ಣ ಹೊಡೆದಿರಲಿಲ್ಲ.

ಸುಣ್ಣ ಮೆತ್ತಿದ ಮೇಲೆ ಆಯಿಲ್ ಪೇಂಟ್ ಹೊಡೆದರೂ ಸಿಪ್ಪೆ ಏಳುತ್ತದೆ, ಬ್ಲೇಡಿನಿಂದ ಕೆರೆಸಲೇಬೇಕು, ಬೇರೆ ದಾರಿಯಿಲ್ಲ ಎಂದ ಮುಜಫ್ಫರ್ ಮೇಸ್ತ್ರಿ. ಅವನ ಗ್ಯಾಂಗಿನಲ್ಲಿ ಕೆರೆಯುವವರೆಲ್ಲ ಕಾಲೊನಿಯ ಹೆಂಗಸರು. ಅವರಲ್ಲಿ ಒಬ್ಬರೂ ಆ ವಾರ ಬಿಡುವಾಗಿರಲಿಲ್ಲ. ಕೊನೆಗೆ ಅಧ್ಯಕ್ಷರು ಮುನಿಕೆಂಪಮ್ಮನಿಗೆ ಹೇಳಿಕಳಿಸಿದರು. ಮಗಳು ಮಾಡಿದ್ದನ್ನು ಅವ್ವ ತೆಗೆಯಲಿ, ಇಲ್ಲದಿದ್ದರೆ ಟಿ.ಸಿ. ತಗೊಂಡು ಹೋಗಲಿ.

ಮುನಿಕೆಂಪಮ್ಮ ಕೆಲಸದ ಸೀರೆಯಲ್ಲೇ ಬಂದಳು. ಅವಳು ಅಧ್ಯಕ್ಷರನ್ನು ನೋಡಲಿಲ್ಲ. ನೇರ ಗೋಡೆಯ ಹತ್ತಿರ ಹೋಗಿ, ಅಂಗೈಯನ್ನು ಅದರ ಮೇಲಿಟ್ಟು, ಉದ್ದಕ್ಕೂ ಸವರಿದಳು. ಒಂದು ಕಡೆ ಬೆರಳಿನಿಂದ ತಟ್ಟಿ ಕಿವಿಯಿಟ್ಟಳು. ಗೊತ್ತಿದ್ದೂ ಎಲ್ಲರಿಗೂ ಕೇಳುವಂತೆ ಕೇಳಿದಳು.

"ಬೇಸು ಯಾರು ಮಾಡಿದ್ದು?"

"ನಾನೇ," ಎಂದಳು ರಾಣಿ.

"ಚೆನ್ನಾಗೈತೆ."

ಆಮೇಲೆ ದೊಡ್ಡಮುನಿಯಪ್ಪನ ಕಡೆ ತಿರುಗಿದಳು. ಇಷ್ಟು ವರ್ಷ ಅವಳು ಆ ಮನುಷ್ಯನ ಮುಂದೆ ಸಾಮಿ ಎಂದೇ ಮಾತು ಶುರುಮಾಡುತ್ತಿದ್ದಳು. ಇವತ್ತು ಆ ಮಾತು ಬರಲಿಲ್ಲ.

"ಇದನ್ನ ಕೆರೀಬೋದು. ನಂಗೆ ಬತ್ತದೆ. ನಾನು ಕೆರೆಯಾಕಿಲ್ಲ. ಇಪ್ಪತ್ತು ವರ್ಸ ನಾವು ಇಲ್ಲಿ ಮೂಗು ಮುಚ್ಕಂಡು ಓಡಾಡಿದೀವಿ. ಈಗ ನೀವು ಕಣ್ ಮುಚ್ಕಂಡು ಓಡಾಡಿ."

ಟಿ.ಸಿ. ಅವತ್ತೇ ಕೈಗೆ ಬಂತು. ಇಸ್ಕೂಲಿನಲ್ಲಿ ಇಷ್ಟು ಬೇಗ ಯಾವ ಕಾಗದವೂ ತಯಾರಾದದ್ದಿಲ್ಲ. ಅವರು ಹೊರಟಾಗ ಸಿ ಸೆಕ್ಷನ್ನಿನ ಹನ್ನೊಂದು ಮಕ್ಕಳು ಮೈದಾನದಲ್ಲಿ ಕಾರ್ಯಾನುಭವಕ್ಕೆ ನಿಂತಿದ್ದರು. ಪೊರಕೆಗಳು ನೆಲದ ಮೇಲಿದ್ದವು. ಯಾರೂ ಎತ್ತಿಕೊಂಡಿರಲಿಲ್ಲ.

ಗೋಡೆ ಹಾಗೇ ಉಳಿಯಿತು. ಅಲ್ಲಿ ಉಚ್ಚೆ ಹೊಯ್ಯುವುದು ನಿಂತುಹೋಯಿತು. ನಿಲ್ಲಲು ಹೋದವನಿಗೆ ಆಗಲೇ ಏಳು ಜನ ನಿಂತಿರುವ ಸಾಲಿಗೆ ತಾನು ಎಂಟನೆಯವನಾಗಿ ಸೇರಿದಂತಾಗುತ್ತಿತ್ತು. ಹಿಂದೆ ಯಾರೋ ನಿಂತು ತನ್ನ ಬೆನ್ನನ್ನೂ ಬರೆದುಕೊಳ್ಳುತ್ತಿದ್ದಾರೆ ಎನಿಸಿ, ಬಂದದ್ದೂ ಬರುತ್ತಿರಲಿಲ್ಲ. ಮುಂದಿನ ಗೋಡೆಗೆ ಅಷ್ಟು ದೇವರು ಬೇಕಾಗಿತ್ತು. ಹಿಂದಿನ ಗೋಡೆಗೆ ಒಬ್ಬ ಅಧ್ಯಕ್ಷರು ಸಾಕಾದರು. ಅವರು ಈಗ ತಮ್ಮ ಬಿಳಿ ಟೈಲ್ಸಿನ ಟಾಯ್ಲೆಟ್ಟಿಗೇ ಹೋಗುತ್ತಿದ್ದಾರೆ ಎಂಬ ಸುದ್ದಿ ಕಾಲೊನಿಗೆ ತಲುಪಿತು.

ರಾಣಿಯನ್ನು ಸರ್ಕಾರಿ ಹೈಸ್ಕೂಲಿಗೆ ಸೇರಿಸಿದರು. ನಡೆದು ಹೋದರೆ ಮುಕ್ಕಾಲು ಗಂಟೆ. ಅಲ್ಲಿ ವಿಷುಯಲ್ ಆರ್ಟ್ಸ್ ಇರಲಿಲ್ಲ. ಡ್ರಾಯಿಂಗ್ ಮಾಸ್ಟರ್ ರಿಟೈರಾಗಿ ಆರು ವರ್ಷವಾಗಿತ್ತು, ಆ ಕೊಠಡಿಯಲ್ಲಿ ಬಿಸಿಯೂಟದ ಅಕ್ಕಿ ಮೂಟೆಗಳಿದ್ದವು. ಗ್ರೇಡ್ ಪರೀಕ್ಷೆ ಎಂದು ರಾಣಿ ಕೇಳಿದಾಗ ಹೆಡ್‌ಮಾಸ್ಟರ್ ಅಶ್ವತ್ಥಪ್ಪ ಬೀರು ತಡಕಿ ಒಂದು ಧೂಳು ಹಿಡಿದ ಫಾರಂ ತೆಗೆದರು. ಕೊನೆಯ ದಿನಾಂಕಕ್ಕೆ ಇನ್ನೂ ಒಂಬತ್ತು ದಿನವಿತ್ತು. ಮಾಸ್ಟರ ಲಿಸ್ಟಿಗೆ ಅಷ್ಟು ಅವಸರ ಇರಲೇ ಇಲ್ಲ ಎಂದು ಅವಳಿಗೆ ಆಗ ತಿಳಿಯಿತು.

ಹೆಸರಿನ ಜಾಗವನ್ನು ಅವಳು ನಿಧಾನವಾಗಿ ತುಂಬಿದಳು. ಪೇಪರ್ ಹರಿಯಲಿಲ್ಲ. ಕೆಳಗೆ, ಚಿತ್ರಕಲೆ ಕಲಿಸಿದವರ ಹೆಸರು ಮತ್ತು ಸಹಿ ಎಂದಿತ್ತು. ನಮ್ಮಲ್ಲಿ ಯಾರೂ ಇಲ್ಲವಲ್ಲ, ಖಾಲಿ ಬಿಟ್ಟರೆ ವಾಪಸ್ ಕಳಿಸುತ್ತಾರೆ ಎಂದು ಹೆಡ್‌ಮಾಸ್ಟರು ತಲೆ ಕೆರೆದುಕೊಂಡರು. ರಾಣಿ ಅಲ್ಲಿ ಮುನಿಕೆಂಪಮ್ಮ ಎಂದು ಬರೆದಳು.

"ಯಾರಮ್ಮ ಇವ್ರು? ಯಾವ ಸ್ಕೂಲಲ್ಲಿದಾರೆ?"

ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದವಳನ್ನು ರಾಣಿ ತೋರಿಸಿದಳು. ಅಶ್ವತ್ಥಪ್ಪ ನೋಡಿದರು. ಇಂಕ್ ಪ್ಯಾಡನ್ನು ಮುಂದಕ್ಕೆ ತಳ್ಳಿದರು.

ಮುನಿಕೆಂಪಮ್ಮ ಒಳಗೆ ಬಂದು, ಹೆಬ್ಬೆರಳನ್ನು ಇಂಕಿಗೆ ಅದ್ದಿ, ಫಾರಂ ಮೇಲೆ ಗಟ್ಟಿಯಾಗಿ ಒತ್ತಿದಳು. ಹೆಡ್‌ಮಾಸ್ಟರು ಕಾಗದವನ್ನು ಬೆಳಕಿಗೆ ಹಿಡಿದರು. ಅಲ್ಲಿ ಸುರುಳಿ ಇರಲಿಲ್ಲ, ಗೆರೆ ಇರಲಿಲ್ಲ. ನುಣ್ಣನೆಯ ಒಂದು ನೀಲಿ ಮಚ್ಚೆ ಮಾತ್ರ ಇತ್ತು.

"ಏನಮ್ಮಾ ಇದು, ಇದ್ರಲ್ಲಿ ಗೆರೇನೇ ಇಲ್ವಲ್ಲ."

ಮುನಿಕೆಂಪಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಅದು ಪ್ರೈಮರು ಸಾರ್. ಗೆರೆ ಅವ್ಳು ಎಳೀತಾಳೆ."